ಎರಡು ಸೆಂಟಿಮೀಟರ್ ಸಾಲದ ಮಾಣಿ

ನಮ್ಮ ಮನೆಯಲ್ಲಿ ಮೊಮ್ಮಕ್ಕಳನ್ನು ಹೆಸರು ಹಿಡಿದು ಕರೆಯುವ ರೂಢಿ ಕಡಿಮೆ. ಹುಡುಗನಾದರೆ ಮಾಣಿ, ಹುಡುಗಿಯಾದರೆ ಕೂಸು. ಮಾಣಿ ನನ್ನ ಮಗನ ಮಗ. ಕೂಸು ಮಗಳ ಮಗಳು, ಅವನಿಗಿಂತ ಎಂಟು ತಿಂಗಳಿಗೆ ಚಿಕ್ಕವಳು. ಇಬ್ಬರೂ ಬೆಂಗಳೂರಿನವರು. ಬೇಸಿಗೆ ರಜೆ ಸಿಕ್ಕಿತೆಂದರೆ ಹುಲೇಕಲ್ಲಿಗೆ ಬಂದು ಬೀಳುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ಅವರನ್ನು ಕರೆತರಲು ನಾನೂ ನಮ್ಮ ಮನೆಯವಳೂ ಬೆಂಗಳೂರಿಗೆ ಹೋದಾಗ, ಊರಿಗೆ ಹೊರಡುವ ಮೊದಲು ಒಂದು ದಿನ ಎಲ್ಲರೂ ಸೇರಿ ಆಟದ ಪಾರ್ಕಿಗೆ ಹೋಗುವುದೆಂದು ಮಕ್ಕಳು ಮೊದಲೇ ತೀರ್ಮಾನ ಮಾಡಿಟ್ಟಿದ್ದರು.

ಯಾವ ಪಾರ್ಕು ಎಂಬುದು ಇಲ್ಲಿ ಮುಖ್ಯವಲ್ಲ. ಈಗ ಎಲ್ಲ ಕಡೆಯೂ ಪದ್ಧತಿ ಹೆಚ್ಚುಕಡಿಮೆ ಒಂದೇ. ಬಿಡದಿಯ ಹತ್ತಿರ 2005ರಲ್ಲಿ ಶುರುವಾದ ವಂಡರ್‌ಲಾವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರಬಹುದು. ಇಂಥ ಕಡೆ ಟಿಕೆಟ್ ಕೊಡುವವರು ‘ಮಗುವಿಗೆ ಎಷ್ಟು ವರ್ಷ?’ ಎಂದು ಕೇಳುವುದಿಲ್ಲ, ‘ಎಷ್ಟು ಎತ್ತರ?’ ಎಂದು ನೋಡುತ್ತಾರೆ. 140 ಸೆಂಟಿಮೀಟರ್ ದಾಟಿದರೆ ದೊಡ್ಡವರು, ದಾಟದಿದ್ದರೆ ಮಕ್ಕಳು. ಮೇಲಕ್ಕೆ ಎಸೆದು, ತಲೆಕೆಳಗು ಮಾಡಿ, ಗಿರಗಿರ ತಿರುಗಿಸುವ ದೊಡ್ಡ ಆಟಗಳೆಲ್ಲ ಆ ಗೆರೆ ದಾಟಿದವರಿಗೆ.

ನಾವು ಹೋದಲ್ಲಿಯೂ ಕೌಂಟರಿನ ಪಕ್ಕ ಒಂದು ಕಂಬ, ಕಂಬಕ್ಕೆ ಗೆರೆ. ಕೂಸು ಹೋಗಿ ನಿಂತಳು. 143. ಮಾಣಿ ನಿಂತ. 138.

‘ಒಂದು ದೊಡ್ಡವರ ಟಿಕೆಟ್, ಒಂದು ಮಕ್ಕಳ ಟಿಕೆಟ್’ ಎಂದರು ಕೌಂಟರಿನಲ್ಲಿ. ನನ್ನ ಮಗನಿಗೆ ದುಡ್ಡು ಉಳಿದ ಸಂತೋಷ, ಅಳಿಯನಿಗೆ ಹೆಚ್ಚು ಕೊಟ್ಟ ಹೆಮ್ಮೆ. ಮಾಣಿಯ ಮುಖವನ್ನು ಆ ಹೊತ್ತಿಗೆ ಯಾರೂ ನೋಡಲಿಲ್ಲ.

ಒಳಗೆ ಮೊದಲ ದೊಡ್ಡ ಆಟದ ಬಾಗಿಲಲ್ಲಿ ಮತ್ತೆ ಅಳತೆ. ಅಷ್ಟರೊಳಗೆ ಮಾಣಿ ತಯಾರಾಗಿದ್ದ. ಕೂದಲನ್ನು ಕೈಯಿಂದ ಕೆದರಿ ಮೇಲೆತ್ತಿಕೊಂಡಿದ್ದ. ಶೂ ಒಳಗೆ ಕರವಸ್ತ್ರ ಮಡಚಿ ಇಟ್ಟುಕೊಂಡಿದ್ದ ಎಂಬುದು ನಮಗೆ ಗೊತ್ತಾದದ್ದು ಆಮೇಲೆ. ಬಾಗಿಲಲ್ಲಿದ್ದ ಹುಡುಗ ಇಪ್ಪತ್ತೆರಡು ಇಪ್ಪತ್ಮೂರು ವರ್ಷದವನು, ಇಂಥದ್ದನ್ನು ದಿನಕ್ಕೆ ನೂರು ನೋಡುತ್ತಾನೇನೋ. ನಗುತ್ತಲೇ ಶೂ ಬಿಚ್ಚಿಸಿ, ಕೂದಲ ಮೇಲೆ ಮೆಲ್ಲಗೆ ಅಂಗೈಯಿಟ್ಟು ಅಳೆದ. ನನ್ನ ಮಗ ‘ಎರಡೇ ಸೆಂಟಿಮೀಟರ್ ಅಲ್ವೇನಪ್ಪಾ, ಹನ್ನೊಂದೂವರೆ ವರ್ಷ ಆಗಿದೆ ಅವನಿಗೆ’ ಎಂದು ಶುರು ಮಾಡಿದ. ಆ ಹುಡುಗ ಹೇಳಿದ: ‘ಸಾರ್, ನಾನು ಬಿಡಬಹುದು. ಸೀಟು ಬಿಡಲ್ಲ.’

ಆ ಮಾತು ನನಗೆ ಬಹಳ ಹಿಡಿಸಿತು. ಆದರೆ ಹಿಡಿಸಿದ್ದನ್ನು ಆಗ ಹೇಳುವಂತಿರಲಿಲ್ಲ. ಮಾಣಿ ತಲೆ ತಗ್ಗಿಸಿ ಶೂ ಹಾಕಿಕೊಳ್ಳುತ್ತಿದ್ದ. ಕೂಸು ಒಂದು ಗಳಿಗೆ ನಿಂತು ಇವನ ಮುಖ ನೋಡಿದಳು, ಮತ್ತೆ ಓಡಿಹೋಗಿ ಸಾಲು ಸೇರಿದಳು. ಅವಳದೇನೂ ತಪ್ಪಿಲ್ಲ ಬಿಡಿ. ಆ ವಯಸ್ಸಿನಲ್ಲಿ ಸಾಲು ಬಿಟ್ಟು ಬರುವವರು ಯಾರು?

ಬಾಗಿಲ ಪಕ್ಕದ ಫಲಕದಲ್ಲಿ ಇನ್ನೂ ಯಾರು ಯಾರು ಹತ್ತಬಾರದು ಎಂಬ ಪಟ್ಟಿಯಿತ್ತು. ಹೃದಯದ ತೊಂದರೆ ಇರುವವರು, ರಕ್ತದೊತ್ತಡದವರು, ಗರ್ಭಿಣಿಯರು, ವಯಸ್ಸಾದವರು. ಅದರಲ್ಲಿ ಎರಡು ಕಾರಣಕ್ಕೆ ನಾನೂ ಹೊರಗೆ. ಹೀಗಾಗಿ ಎಲ್ಲರ ಚಪ್ಪಲಿ, ಚೀಲ, ಮೊಬೈಲು ಕಾಯುತ್ತ ನಾವಿಬ್ಬರೂ ಒಂದು ಬೆಂಚಿನಲ್ಲಿ ಕೂತೆವು. ಮಕ್ಕಳಿಗಾಗಿಯೇ ಇದ್ದ ಸಣ್ಣ ರೈಲು, ಬಣ್ಣದ ಕುದುರೆಗಳ ಕಡೆ ಅವನು ತಿರುಗಿಯೂ ನೋಡಲಿಲ್ಲ. ಅವೆಲ್ಲ ‘ಚಿಕ್ಕ ಮಕ್ಕಳ’ ಆಟವಂತೆ. ಹನ್ನೊಂದು ವರ್ಷವೆಂದರೆ ಹಾಗೆಯೇ. ಈ ಕಡೆ ಸಲ್ಲುವುದಿಲ್ಲ, ಆ ಕಡೆ ಸೇರಿಸುವುದಿಲ್ಲ.

ಸಮಾಧಾನ ಮಾಡಲು ಹೊರಟೆ. ನಮ್ಮ ಕಾಲದ ಜಿ.ಆರ್. ವಿಶ್ವನಾಥ್ ಕಥೆ ಹೇಳಿದೆ. ಭದ್ರಾವತಿಯ ಹುಡುಗ, ಎತ್ತರ ಕಡಿಮೆ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್, ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಮಾಣಿ ಪೂರ್ತಿ ಕೇಳಿ, ‘ಅವರಿಗೆ ರೋಲರ್ ಕೋಸ್ಟರ್ ಹತ್ತಬೇಕಿತ್ತಾ ಅಜ್ಜ?’ ಎಂದ. ನಮ್ಮ ಮನೆಯವಳು ಪಾಪ್‌ಕಾರ್ನ್ ತಂದುಕೊಟ್ಟು ವಾಮನಾವತಾರ ತೆಗೆದಳು. ‘ಆಮೇಲೆ ಅವನು ಆಕಾಶದಷ್ಟು ಬೆಳೆದನಲ್ಲ, ಅದಕ್ಕೇ ನಡೀತು’ ಎಂದ. ಕುಳ್ಳಗಿದ್ದೂ ದೊಡ್ಡವರಾದವರ ಕಥೆಗಳಿಂದ ಕುಳ್ಳಗಿರುವ ಹುಡುಗನಿಗೆ ಏನೂ ಸಿಗುವುದಿಲ್ಲ ಎಂದು ಅವತ್ತು ನನಗೆ ಖಾತ್ರಿಯಾಯಿತು. ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿದವನು, ಕಥೆ ನಿಲ್ಲಿಸಿ ಕಾರಣ ಹೇಳಲು ಹೊರಟೆ.

‘ಎತ್ತರಕ್ಕೂ ಇದಕ್ಕೂ ಏನು ಸಂಬಂಧ? ನಾನು ಹೆದರಲ್ಲ’ ಎನ್ನುವುದು ಅವನ ವಾದ. ಹೆದರಿಕೆಯ ಪ್ರಶ್ನೆಯೇ ಅಲ್ಲ ಇದು. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ನಿಂತಿದ್ದೀರಿ ಅಂತಿಟ್ಟುಕೊಳ್ಳಿ. ಬಸ್ಸು ಬಲಕ್ಕೆ ತಿರುಗುತ್ತದೆ. ನಿಮ್ಮ ಮೈ ಮಾತ್ರ ನೇರ ಹೋಗುತ್ತೇನೆ ಎನ್ನುತ್ತದೆ, ಎಡಗಡೆಯವರ ಮೇಲೆ ಬೀಳುತ್ತೀರಿ. ನ್ಯೂಟನ್ ಹೇಳಿದ್ದು ಇದನ್ನೇ. ಈ ಆಟಗಳಲ್ಲಿ ಅದು ಹತ್ತು ಪಟ್ಟು ಜೋರು, ಮೇಲೆ ಕೆಳಗೆ ಅಕ್ಕಪಕ್ಕ ಎಲ್ಲ ಕಡೆಗೂ. ಮೈಯನ್ನು ಸೀಟಿನಲ್ಲಿ ಹಿಡಿದಿಡುವುದು ಭುಜದ ಮೇಲೆ ಬಂದು ಕೂರುವ ಕಬ್ಬಿಣದ ಪಟ್ಟಿ ಅಥವಾ ತೊಡೆಯ ಮೇಲೆ ಬಂದು ಕೂರುವ ಸರಳು. ಆ ಪಟ್ಟಿಯನ್ನು ಮಾಡಿದ್ದು ಒಂದು ಅಳತೆಯ ಮೈಗೆ. ಅದಕ್ಕಿಂತ ಗಿಡ್ಡಗಿದ್ದವರಿಗೆ ಅದು ಭುಜಕ್ಕೆ ಕೂರುವ ಬದಲು ಕಿವಿಗೆ, ದವಡೆಗೆ ಬಡಿಯುತ್ತದೆ. ಬೆನ್ನು ಸೀಟಿಗೆ ತಾಗಿ ಕೂತರೆ ಮಂಡಿ ಸೀಟಿನ ಅಂಚಿಗೆ ಬರುವುದಿಲ್ಲ. ಮಂಡಿ ಮಡಚದಿದ್ದರೆ ಸೊಂಟ ಮುಂದಕ್ಕೆ ಜಾರಿ ಸರಳಿನ ಅಡಿಯಿಂದ ನುಸುಳಬಹುದು. ಇದರ ಮೇಲೆ, ಚಿಕ್ಕ ಮಕ್ಕಳ ತಲೆ ಮೈಯ ಲೆಕ್ಕಕ್ಕೆ ಭಾರ. ಹುಟ್ಟಿದ ಶಿಶುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ದೊಡ್ಡವರಲ್ಲಿ ಅದು ಏಳೂವರೆ, ಎಂಟರಲ್ಲೊಂದು ಪಾಲು. ಮಕ್ಕಳ ಕತ್ತಿಗೆ ಆ ಭಾರವನ್ನು ಜೋರು ತಿರುವಿನಲ್ಲಿ ಹಿಡಿದಿಡುವ ಕಸುವು ಇನ್ನೂ ಬಂದಿರುವುದಿಲ್ಲ.

‘ಹಾಗಾದರೆ ವಯಸ್ಸು ಕೇಳಬೇಕಲ್ಲ’ ಎಂದ. ವಯಸ್ಸು ಬಾಗಿಲಲ್ಲಿ ಕಾಣುವುದಿಲ್ಲವಲ್ಲ ಮಾರಾಯ. ಎತ್ತರ ಕಾಣುತ್ತದೆ. ಅಪ್ಪ ಅಮ್ಮ ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳಬಹುದು, ಕೋಲು ಹೇಳುವುದಿಲ್ಲ. ಇಷ್ಟಕ್ಕೂ ಇದು ನಮ್ಮ ದೇಶದ ಮಾತಷ್ಟೇ ಅಲ್ಲ. 1955ರಲ್ಲಿ ಅಮೆರಿಕದ ಅನಾಹೈಮ್‌ನಲ್ಲಿ ತೆರೆದ ಡಿಸ್ನಿಲ್ಯಾಂಡಿನಲ್ಲೂ ಬಾಗಿಲ ಹತ್ತಿರ ಅಳತೆ ಉಂಟು, ಅಲ್ಲಿ ಇಂಚಿನ ಲೆಕ್ಕ. ಒಂದೊಂದು ಆಟಕ್ಕೆ ಒಂದೊಂದು ಗೆರೆ. ಗಿಡ್ಡ ಮಗುವಿನ ಜೊತೆ ತಂದೆ ಹೊರಗೆ ನಿಂತು, ತಾಯಿ ಆಡಿ ಬಂದ ಮೇಲೆ ತಂದೆ ಮತ್ತೆ ಸಾಲು ನಿಲ್ಲದೆ ಹೋಗುವ ಅನುಕೂಲವನ್ನೂ ಮಾಡಿದ್ದಾರೆ. ಅಜ್ಜಂದಿರಿಗೆ ಏನು ಅನುಕೂಲವೋ ತಿಳಿಯದು.

ಅವನು ಎಲ್ಲ ಕೇಳಿದ. ಸ್ವಲ್ಪ ಹೊತ್ತಿನ ಮೇಲೆ ನಿಜವಾದ ಪ್ರಶ್ನೆ ಬಂತು. ‘ಅಜ್ಜ, ನಾನು ಇಷ್ಟೇ ಉಳಿದರೆ?’

ಅದಕ್ಕೆ ಮಾತ್ರ ನಾನು ಸಟ್ಟನೆ ಉತ್ತರ ಕೊಡಲಿಲ್ಲ. ‘ಬಾ, ಹತ್ರ ಕೂತ್ಗ’ ಎಂದೆ. ನನ್ನದೇ ಒಂದು ವಿಷಯ ಅವನಿಗೆ ಹೇಳಿದೆ.

ನಾನು ಶಾಲೆಗೆ ಸೇರುವ ಕಾಲಕ್ಕೆ ನಮ್ಮ ಕಡೆ ಜನನ ಪ್ರಮಾಣಪತ್ರ ಎಂಬುದೇ ಇರಲಿಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಮಗುವಿಗೆ ಆರು ವರ್ಷ ಆಗಿದೆಯೋ ಇಲ್ಲವೋ ಎಂದು ನೋಡಲು ಮಾಸ್ತರರ ಹತ್ತಿರ ಒಂದೇ ಪರೀಕ್ಷೆ. ಬಲಗೈಯನ್ನು ತಲೆಯ ಮೇಲಿಂದ ಸುತ್ತಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಒಂದನೇ ಇಯತ್ತೆ, ಮುಟ್ಟದಿದ್ದರೆ ಮನೆಗೆ. ಈ ಲೇಖನ ಓದುತ್ತಿರುವ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನರ ಕೈ ಈಗ ತಾನಾಗಿ ಕಿವಿಯ ಕಡೆ ಹೋಗಿರಬೇಕು. ಪರೀಕ್ಷೆ ಪೂರ್ತಿ ಹುರುಳಿಲ್ಲದ್ದೇನೂ ಅಲ್ಲ. ತಲೆ ಐದಾರು ವರ್ಷಕ್ಕೆಲ್ಲ ಬಹುಪಾಲು ಬೆಳೆದುಬಿಡುತ್ತದೆ, ಕೈ ಮಾತ್ರ ಬೆಳೆಯುತ್ತಲೇ ಇರುತ್ತದೆ. ಆರರ ಸುಮಾರಿಗೆ ಕೈ ಕಿವಿಗೆ ಎಟಕುತ್ತದೆ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರಿನಲ್ಲಿ. ಮರುವರ್ಷ ಜೂನ್‌ನಲ್ಲಿ ಅಪ್ಪ ನನ್ನನ್ನು ಶಾಲೆಗೆ ಕರೆದುಕೊಂಡು ಹೋದ. ನನ್ನ ಬೆರಳಿಗೂ ಕಿವಿಗೂ ನಡುವೆ ಒಂದು ಬೆರಳಿನಷ್ಟು ಜಾಗ ಉಳಿಯಿತು. ಚಿಕ್ಕಪ್ಪನ ಮಗ, ನನಗಿಂತ ಎರಡು ತಿಂಗಳಿಗೆ ಚಿಕ್ಕವನು, ಮುಟ್ಟಿಬಿಟ್ಟ. ಅವನಿಗೆ ಪಾಟಿ ಸಿಕ್ಕಿತು, ನನಗೆ ಇನ್ನೊಂದು ವರ್ಷ ದನ ಅಟ್ಟುವ ಕೆಲಸ. ಆ ಮಳೆಗಾಲವಿಡೀ ಹಾಸಿಗೆಯಲ್ಲಿ ಮಲಗಿ ಕಿವಿ ಎಳೆದುಕೊಂಡದ್ದು ಈಗಲೂ ನೆನಪಿದೆ. ಕೈ ಉದ್ದವಾಗದಿದ್ದರೆ ಕಿವಿಯಾದರೂ ಮೇಲೆ ಬರಲಿ ಎಂದು!

ಮುಂದೆ ನಾನೇ ಮಾಸ್ತರನಾದೆ. ಕಾಯ್ದೆ ಬಂದರೂ ಹಳ್ಳಿಯಲ್ಲಿ ಕಾಗದ ಬರಲು ಬಹಳ ವರ್ಷ ಬೇಕಾಯಿತು, ಕಿವಿ ಮುಟ್ಟಿಸುವುದು ನಡೆದೇ ಇತ್ತು. ಮಗುವಿನ ತಲೆಯನ್ನು ಹಿಂದಿನಿಂದ ಮೆಲ್ಲಗೆ ಬಲಕ್ಕೆ ವಾಲಿಸುವ ಅಪ್ಪಂದಿರನ್ನು ಎಷ್ಟು ನೋಡಿಲ್ಲ! ಮುಟ್ಟಿದವರಿಗೆಲ್ಲ ಹುಟ್ಟಿದ ತಾರೀಖು ಜೂನ್ 1. ನಮ್ಮ ತಲೆಮಾರಿನ ನಿವೃತ್ತರನ್ನು ಕೇಳಿ ನೋಡಿ, ಒಂದೇ ದಿನ ಹುಟ್ಟಿದವರು ಊರಿಗೆ ಹತ್ತು ಜನ ಸಿಕ್ಕುತ್ತಾರೆ.

ಮಾಣಿ ಅಲ್ಲೇ ಬೆಂಚಿನಲ್ಲಿ ಕೂತು ಕಿವಿ ಮುಟ್ಟಿ ನೋಡಿದ. ಕಿವಿ ದಾಟಿ ಕೆನ್ನೆಗೆ ಬಂತು. ಅದೊಂದು ಪರೀಕ್ಷೆಯಲ್ಲಿ ಪಾಸು. ಅಷ್ಟರಲ್ಲಿ ಕೂಸು ಮತ್ತು ಉಳಿದವರು ಕೆದರಿದ ತಲೆಯಲ್ಲಿ ಬಂದರು. ಅವಳು ಇವನ ಪಕ್ಕ ಕೂತು, ‘ಏನೂ ಇಲ್ಲ ಕಣೋ, ಬರೀ ತಲೆ ತಿರುಗುತ್ತೆ’ ಎಂದಳು. ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ರಾತ್ರಿ ಬಸ್ಸಿಗೆ ಹುಲೇಕಲ್ಲಿಗೆ ಬಂದೆವು. ಬಂದ ಮೇಲೂ ಮಾಣಿಯ ತಲೆಯಿಂದ ಅಳತೆ ಇಳಿದಿರಲಿಲ್ಲ. ಕೂಸು ತನಗಿಂತ ಚಿಕ್ಕವಳು, ಆದರೂ ಎತ್ತರ ಹೇಗೆ ಎಂಬುದು ಅವನ ದೊಡ್ಡ ತಕರಾರು. ಇದಕ್ಕೆ ಉತ್ತರ ಸುಲಭ. ಹೆಣ್ಣುಮಕ್ಕಳು ಸರ್ರನೆ ಬೆಳೆಯುವ ಕಾಲ ಹತ್ತು ಹನ್ನೊಂದರ ಹೊತ್ತಿಗೇ ಶುರುವಾಗುತ್ತದೆ, ಗಂಡುಮಕ್ಕಳದು ಸುಮಾರು ಎರಡು ವರ್ಷ ತಡ. ಐದನೇ ಆರನೇ ತರಗತಿಯ ಗುಂಪುಫೋಟೊ ತೆಗೆದು ನೋಡಿ, ಹಿಂದಿನ ಸಾಲಿನಲ್ಲಿ ಹುಡುಗಿಯರೇ ಜಾಸ್ತಿ. ನಾನಂತೂ ಪ್ರತಿವರ್ಷ ನೋಡಿದ್ದೇನೆ. ಎಂಟು ಒಂಬತ್ತಕ್ಕೆ ಬರುವಾಗ ಸಾಲು ತಿರುಗುತ್ತದೆ. ಬೆಂಗಳೂರಿನಲ್ಲಿ ಅವನ ತಾಯಿ ಮೊದಲೇ ಡಾಕ್ಟರರಿಗೆ ತೋರಿಸಿಯೂ ಇದ್ದಳು. ಅವರು ಬೆಳವಣಿಗೆಯ ನಕ್ಷೆಯಲ್ಲಿ ಒಂದೊಂದು ವರ್ಷದ ಚುಕ್ಕೆ ಇಟ್ಟು, ಗೆರೆ ನೆಟ್ಟಗೆ ಏರುತ್ತಿದೆ, ಚಿಂತೆ ಬೇಡ ಎಂದಿದ್ದರು. ಒಂದು ದಿನದ ಎತ್ತರಕ್ಕಿಂತ ವರ್ಷವರ್ಷದ ಏರಿಕೆ ಮುಖ್ಯವಂತೆ. ಈ ವಯಸ್ಸಿನಲ್ಲಿ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆದರೆ ಸರಿ. ಬೆಳೆಯುವುದು ಉದ್ದ ಮೂಳೆಗಳ ತುದಿಯಲ್ಲಿರುವ ಮೆತ್ತನೆಯ ಭಾಗದಲ್ಲಿ, ಬೆಳೆಸುವ ರಸ ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ದೆಯಲ್ಲಿ. ಟೀವಿಯಲ್ಲಿ ಡಬ್ಬಿ ಹಿಡಿದುಕೊಂಡು ಜಿಗಿಯುವ ಮಕ್ಕಳನ್ನು ನೋಡಿ ದುಡ್ಡು ಹಾಕಬೇಡಿ. ಊಟ, ಆಟ, ನಿದ್ದೆ ಇದ್ದರೆ ಆಯಿತು.

ಆದರೆ ಮಾಣಿಗೆ ಮೇ ತಿಂಗಳಲ್ಲಿ ಒಂದು ಹೊಸ ಸಂಗತಿ ಸಿಕ್ಕಿತು. ಜಗಲಿಯ ಕಂಬಕ್ಕೆ ಪೆನ್ಸಿಲಿನಲ್ಲಿ ದಿನಕ್ಕೆರಡು ಸಲ ಗೆರೆ ಹಾಕುತ್ತಿದ್ದ. ಬೆಳಿಗ್ಗೆ ಹಾಕಿದ ಗೆರೆ ಸಂಜೆಗೆ ಮೇಲುಳಿಯುತ್ತಿತ್ತು, ಸುಮಾರು ಒಂದು ಸೆಂಟಿಮೀಟರ್. ಕಂಬ ಬೆಳೆಯುತ್ತಿದೆಯೋ ಎಂದು ಹೆದರಿದ. ಎಲ್ಲರಿಗೂ ಹೀಗೇ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಗಳಿವೆ. ಹಗಲೆಲ್ಲ ನಿಂತು ಕೂತು ಅವು ಸ್ವಲ್ಪ ಅಮುಕುತ್ತವೆ, ರಾತ್ರಿ ಮಲಗಿದಾಗ ಮತ್ತೆ ಉಬ್ಬುತ್ತವೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳು ನೂರಕ್ಕೆ ಮೂರರಷ್ಟು ಉದ್ದವಾಗುವುದೂ ಉಂಟು, ಭೂಮಿಗೆ ಬಂದರೆ ಮತ್ತೆ ಮೊದಲಿನಂತೆ. ಇದನ್ನು ಕೇಳಿದ್ದೇ ತಡ ಅವನು ಉಪಾಯ ಹೂಡಿದ. ಮುಂದಿನ ಸಲ ಪಾರ್ಕಿಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಹೋಗುವುದು. ಬಾಗಿಲ ತನಕ ಅಪ್ಪ ಎತ್ತಿಕೊಂಡು ಹೋಗಬೇಕು. ಇಳಿಸಿದ ಕೂಡಲೇ ಅಳೆಯಬೇಕು. ‘ಎತ್ತಿಕೊಂಡು ಬಂದ ಹುಡುಗನನ್ನು ಅವರು ದೊಡ್ಡವನು ಎನ್ನುತ್ತಾರಾ?’ ಎಂದು ಕೂಸು ಕೇಳಿದಳು. ಉಪಾಯ ಅಲ್ಲಿಗೆ ನಿಂತಿತು.

ಅಳತೆಯ ಹುಚ್ಚು ನನ್ನವರೆಗೂ ಬಂತು. ಎರಡೂ ಕೈ ಚಾಚಿದರೆ ಒಂದು ಮಾರು, ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ. ಯಾರೇ ಆಗಲಿ ತಮ್ಮ ಕೈಯಿಂದ ಸುಮಾರು ನಾಲ್ಕು ಮೊಳ ಎತ್ತರ ಇರುತ್ತಾರೆ, ಮಾರು ಕೂಡ ಹೆಚ್ಚುಕಡಿಮೆ ಎತ್ತರದಷ್ಟೇ. ಮಕ್ಕಳೇ, ಅಳೆದು ನೋಡಿ. ಮಾಣಿಯದು ಸರಿಹೋಯಿತು, ಕೂಸಿನದು ಸರಿಹೋಯಿತು. ನನ್ನದು ಮಾತ್ರ ಮಾರು ಉದ್ದ, ಎತ್ತರ ಗಿಡ್ಡ. ಹಳೆಯ ಪೆಟ್ಟಿಗೆಯಲ್ಲಿ ಸರ್ವಿಸ್ ಪುಸ್ತಕದ ನಕಲು ಇತ್ತು. ಸರ್ಕಾರಿ ಕೆಲಸಕ್ಕೆ ಸೇರುವಾಗ ಎತ್ತರ ಬರೆದುಕೊಳ್ಳುತ್ತಾರೆ. ಅದರಲ್ಲಿ 5 ಅಡಿ 4 ಇಂಚು, ಅಂದರೆ 162 ಸೆಂಟಿಮೀಟರಿಗಿಂತ ಸ್ವಲ್ಪ ಮೇಲೆ. ಈಗ ಕಂಬಕ್ಕೆ ನಿಲ್ಲಿಸಿ ಅಳೆದರೆ 158. ವಯಸ್ಸಾದಂತೆ ಬೆನ್ನಿನ ಮೆತ್ತೆಗಳು ಒಣಗುತ್ತವೆ, ಬೆನ್ನು ಬಾಗುತ್ತದೆ, ಕೈ ಮಾತ್ರ ಇದ್ದಷ್ಟೇ ಇರುತ್ತದೆ. ಮಾಣಿ ಕಾಗದ ಪೆನ್ಸಿಲು ತಂದು ಲೆಕ್ಕ ಹಾಕಿದ. ನಡುವೆ ಇಪ್ಪತ್ತು ಸೆಂಟಿಮೀಟರ್, ವರ್ಷಕ್ಕೆ ಆರರಂತೆ ಮೂರು ವರ್ಷ ನಾಲ್ಕು ತಿಂಗಳು. ‘ನೀನೂ ಸ್ವಲ್ಪ ಇಳೀತಾ ಇರು ಅಜ್ಜ, ಬೇಗ ಆಗುತ್ತೆ’ ಎಂದ. ಒಳಗಿಂದ ನಮ್ಮ ಮನೆಯವಳು ‘ಎಂತ ಮಾತಾಡ್ತ್ಯ ಮಾಣಿ!’ ಎಂದು ಗದರಿದಳು. ನನಗೆ ನಗು ತಡೆಯಲಾಗಲಿಲ್ಲ.

ನಮ್ಮ ಕಾಲದಲ್ಲಿ ಅಳತೆ ಇರಲಿಲ್ಲ, ಎಲ್ಲರೂ ಎಲ್ಲದಕ್ಕೂ ಹತ್ತುತ್ತಿದ್ದೆವು ಎನ್ನುವ ಮಾತು ಜಗಲಿಯಲ್ಲಿ ಬಂತು. ಹೌದು, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ನಾನು ತೊಟ್ಟಿಲು ಹತ್ತಿದ್ದು ಏಳೆಂಟು ವರ್ಷಕ್ಕೆ. ಮರದ ತೊಟ್ಟಿಲು, ನಾಲ್ಕೇ ಪೆಟ್ಟಿಗೆ, ಇಬ್ಬರು ಆಳು ಕೈಯಿಂದ ತಿರುಗಿಸುತ್ತಿದ್ದರು. ಅಪ್ಪ ತನ್ನ ಮಡಿಲಲ್ಲಿ ಕೂರಿಸಿಕೊಂಡು ಶಾಲಿನಿಂದ ಇಬ್ಬರನ್ನೂ ಸೇರಿಸಿ ಬಿಗಿದಿದ್ದ. ಮೇಲೆ ಹೋದಾಗ ಬಿಡಕಿಬೈಲಿನ ದೀಪವೆಲ್ಲ ಕಾಲ ಕೆಳಗೆ. ಆದರೆ ಆ ತೊಟ್ಟಿಲಿನ ಓಟ ಎತ್ತಿನ ಗಾಡಿಯಷ್ಟು. ಈಗಿನ ಯಂತ್ರಗಳ ವೇಗಕ್ಕೆ ಅಪ್ಪನ ಶಾಲು ಸಾಲದು. ಹಾಗಾಗಿ ‘ಆಗೆಲ್ಲ ಚೆನ್ನಾಗಿತ್ತು’ ಎನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಜಾತ್ರೆಯಲ್ಲಿ ಈಗ ಬರುವ ದೊಡ್ಡ ದೊಡ್ಡ ಆಟಗಳ ಬಾಗಿಲಲ್ಲಿಯೂ ಒಬ್ಬ ಕೋಲು ಹಿಡಿದು ನಿಂತರೆ ಒಳ್ಳೆಯದೆಂದೇ ನನ್ನ ಅಭಿಪ್ರಾಯ.

ಅವರಿಬ್ಬರೂ ಮೇ ತಿಂಗಳ ಕೊನೆಯ ವಾರ ಮನೆಯ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ ತಮ್ಮದೇ ಪಾರ್ಕು ತೆರೆದರು. ತೋಟದಲ್ಲಿ ಸೋಗೆಯ ಸಮೇತ ಬಿದ್ದ ಅಡಿಕೆ ಹಾಳೆ, ಇಳಿಜಾರಿನ ತುಂಬ ಒಣ ದರಕು. ಹಾಳೆಯ ಮೇಲೆ ಕೂತು, ಸೋಗೆಯ ದಂಟನ್ನು ಎರಡೂ ಕೈಯಿಂದ ಹಿಡಿದುಕೊಂಡರೆ, ಮೇಲಿನಿಂದ ಒಬ್ಬರು ನೂಕಿದರೆ ಸಾಕು. ದರಕಿನ ಮೇಲೆ ಹಾಳೆ ಜಾರುವ ಚಂದ ಗೊತ್ತಿದ್ದವರಿಗೇ ಗೊತ್ತು. ಕೂಸಿನ ಭಾರಕ್ಕೆ ಮೂರನೇ ಸಲಕ್ಕೇ ಹಾಳೆ ಸೀಳಿತು. ಮಾಣಿ ಒಂದೇ ಹಾಳೆಯಲ್ಲಿ ಸಂಜೆಯ ತನಕ ಇಳಿದ. ಅವಳು ಸಿಟ್ಟಾಗಿ ದೊಡ್ಡ ಹಾಳೆ ಹುಡುಕಲು ತೋಟವಿಡೀ ಅಲೆದಳು.

ಪಕ್ಕದ ಮನೆಯ ನಾಲ್ಕು ವರ್ಷದ ಪುಟ್ಟಿಯೂ ಬಂದು ಸಾಲಿನಲ್ಲಿ ನಿಂತಳು. ಮಾಣಿ ಅವಳನ್ನು ತಡೆದ. ಹಲಸಿನ ಮರಕ್ಕೆ ಸುಣ್ಣದಲ್ಲಿ ಒಂದು ಗೆರೆ ಎಳೆದು, ಇಷ್ಟಾದವರಿಗೆ ಮಾತ್ರ ಎಂದ. ನಾನು ದೂರದಲ್ಲಿ ದರಕು ಗುಡಿಸುತ್ತಿದ್ದವನು ‘ಎಂತಕ್ಕೆ ಮಾಣಿ?’ ಎಂದೆ. ‘ಹಾಳೆ ಮೇಲೆ ಕೂತರೆ ಅವಳ ಕೈ ಸೋಗೆಗೆ ಎಟಕೋದಿಲ್ಲ ಅಜ್ಜ, ತಿರುವಿನಲ್ಲಿ ಹಾರಿಹೋಗ್ತಾಳೆ’ ಎಂದ. ಪುಟ್ಟಿ ಅಲ್ಲೇ ಕುಕ್ಕರಿಸಿ ಅಳಲು ಶುರು ಮಾಡಿದಳು, ಅದೂ ಸಣ್ಣ ದನಿಯಲ್ಲಿ ಅಲ್ಲ. ಮಾಣಿ ಅವಳನ್ನು ನೋಡಿದ, ಗೆರೆಯನ್ನು ನೋಡಿದ. ಆಮೇಲೆ ಹಾಳೆಯ ಹಿಂದಿನ ತುದಿಗೆ ತಾನು ಸರಿದು ಕೂತು, ಅವಳನ್ನು ಮುಂದೆ ಕೂರಿಸಿಕೊಂಡು, ಎರಡೂ ಕಾಲಿನಿಂದ ಅವಳನ್ನು ಬಿಗಿಹಿಡಿದು, ‘ಈಗ ನೂಕೇ’ ಎಂದು ಕೂಸಿಗೆ ಕೂಗಿದ.

ಮೊನ್ನೆ ಚೌತಿಯ ಮರುದಿನ ಫೋನ್ ಬಂತು. 140.3 ಆಗಿದ್ದಾನೆ. ಬೆಳಿಗ್ಗೆಯ ಅಳತೆಯೋ ಸಂಜೆಯದೋ ಎಂದು ಕೇಳಿದೆ. ಸಂಜೆಯದೇ ಅಂತೆ, ಶೂ ಇಲ್ಲದೆ. ಕೂಸು ಈಗ 146 ಅಂತೆ, ಅದು ಮಾತ್ರ ಸರಿಯಿಲ್ಲವಂತೆ. ಅಮ್ಮ ಕರೆದಳೆಂದು ಫೋನ್ ಇಡುವಾಗ ಹೇಳಿದ: ‘ಅಜ್ಜ, ಬರೋ ಬೇಸಿಗೆಗೆ ದೊಡ್ಡ ಹಾಳೆ ನಾಲ್ಕು ತೆಗೆದಿಡು, ಸೋಗೆ ಕಡಿಸಬೇಡ.’